ಯಾರ ಮಗನೋ ನೀನು?

ನಮ್ಮ ಹಳೇ ಏರಿಯಾದವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಬರುತ್ತದೆ, ಸಾವಿನ ಮನೆಯ ಮುಂದೆ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಬರುತ್ತದೆ, ವಾಟ್ಸಾಪ್ ಗ್ರೂಪಿನಲ್ಲಂತೂ ಆಗಾಗ ಗ್ಯಾರಂಟಿ. "ಏನೇ ಹೇಳಿ, ಆಗಿನ ರೌಡಿಗಳಿಗೂ ಒಂದು ನೀತಿ ಇತ್ತು. ಹೆಂಗಸರು ಮಕ್ಕಳ ತಂಟೆಗೆ ಬರ್ತಿರಲಿಲ್ಲ. ಈಗಿನ ಹುಡುಗರನ್ನ ನೋಡಿ, ಗಾಂಜಾ ಹೊಡ್ಕೊಂಡು ಯಾರ ಮೇಲೆ ಬೇಕಾದ್ರೂ ಮಚ್ಚು ಬೀಸ್ತಾರೆ." ಎಲ್ಲರೂ ತಲೆ ಆಡಿಸುತ್ತಾರೆ. ಒಬ್ಬರು ಆಗಿನ ಡಾನ್ ಕೊತ್ವಾಲನ ಕಥೆ ತೆಗೆಯುತ್ತಾರೆ, ಇನ್ನೊಬ್ಬರು ಜಯರಾಜನದ್ದು. ಕೊತ್ವಾಲ್ ಕೊಲೆಯಾಗಿದ್ದು 1986ರಲ್ಲಿ, ಜಯರಾಜ್ 1989ರಲ್ಲಿ. ಕಥೆ ಹೇಳುವವರಲ್ಲಿ ಅರ್ಧ ಜನ ಆಗ ಚಡ್ಡಿ ಹಾಕಿಕೊಂಡು ಗೋಲಿ ಆಡುತ್ತಿದ್ದವರು. ಆದರೂ ಪಕ್ಕದಲ್ಲೇ ನಿಂತು ನೋಡಿದವರ ಹಾಗೆ ಹೇಳುತ್ತಾರೆ.

ನಾನೂ ಅದೇ ಬೀದಿಯಲ್ಲಿ ಬೆಳೆದವನು. ಆ ನೀತಿಯನ್ನು ಕಣ್ಣಾರೆ ಕಂಡ ನೆನಪು ನನಗಿಲ್ಲ. ಹಾಗಂತ ಅವರೆಲ್ಲ ಸುಮ್ನೆ ಸುಳ್ಳು ಹೇಳುತ್ತಿದ್ದಾರೆ ಅಂತಲೂ ಅನ್ನಿಸುವುದಿಲ್ಲ. ಏನೋ ಒಂದು ಇತ್ತು, ಈಗ ಇಲ್ಲ. ಅದನ್ನೇ ಇವರು ನೀತಿ ಅಂತ ಕರೆಯುತ್ತಿದ್ದಾರೆ. ಅದು ಏನು ಅನ್ನೋದು ಇತ್ತೀಚೆಗೆ ತಲೆ ತಿನ್ನುತ್ತಿದೆ. ಕಾರಣ ಆಮೇಲೆ ಹೇಳುತ್ತೇನೆ.

ನಮ್ಮ ಮನೆ ಇದ್ದದ್ದು ಬೆಂಗಳೂರಿನ ಮಾಗಡಿ ರಸ್ತೆಗೂ ಬಿನ್ನಿಪೇಟೆಗೂ ನಡುವಿನ ಒಂದು ಗಲ್ಲಿಯಲ್ಲಿ. ಅಪ್ಪ ಮಿನರ್ವ ಮಿಲ್ಲಿಗೆ ಹೋಗುತ್ತಿದ್ದರು. ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದರು, ಸಾವಿರಕ್ಕೆ ಇಷ್ಟು ಅಂತ ಲೆಕ್ಕ. ಸಾಲಿನ ಹತ್ತು ಮನೆಗೂ ಅದೇ ಕಥೆ. ಮಿಲ್ಲು ಬೇರೆ ಇರಬಹುದು, ಕೆಲವರದ್ದು ಬಿನ್ನಿ, ಕೆಲವರದ್ದು ಮಲ್ಲೇಶ್ವರದ ಕಡೆಯ ರಾಜಾ ಮಿಲ್ಲು. ಸಂಬಳದ ದಿನ ಮಾತ್ರ ಎಲ್ಲರ ಮನೆಯಲ್ಲೂ ಒಂದೇ ಥರ ಗಲಾಟೆ.

ನಮ್ಮ ಬೀದಿಗೂ ಒಬ್ಬ 'ಅಣ್ಣ' ಇದ್ದ. ಗರಡಿಯಲ್ಲಿ ಸಾಮು ಮಾಡಿದ ಮೈ. ಸಾರಾಯಿ ಕಂಟ್ರಾಕ್ಟರ್ ಕಡೆಯವನು ಅನ್ನೋದು ಎಲ್ಲರಿಗೂ ಗೊತ್ತು. ಅಣ್ಣಮ್ಮನ ಉತ್ಸವ ಬಂದರೆ ಆರ್ಕೆಸ್ಟ್ರಾ ಅವನದ್ದೇ, ರಾಜ್ಯೋತ್ಸವಕ್ಕೆ ಬಾವುಟ ಕಟ್ಟಿಸೋದೂ ಅವನೇ. ಅಣ್ಣ ಬಂದರೆ ಹುಡುಗರು ಮೋರಿ ಕಟ್ಟೆಯಿಂದ ಎದ್ದು ನಿಲ್ಲುತ್ತಿದ್ದರು. ಬೀದಿಯ ಮೂಲೆಯಲ್ಲಿ ಒಬ್ಬ ಅಜ್ಜಿ ಹೂವು ಮಾರುತ್ತಿದ್ದರು. ಅಣ್ಣನಿಗೆ ಆ ಅಜ್ಜಿ ಎಂದರೆ ಗೌರವ. ಹಬ್ಬದ ದಿನ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದ. ಇದನ್ನು ಈಗಲೂ ಜನ ನೆನೆಸಿಕೊಳ್ಳುತ್ತಾರೆ.

ಒಂದು ಶುಕ್ರವಾರ ಸಾಯಂಕಾಲ ಅಮ್ಮ ನನ್ನ ಕೈಗೆ ಚಿಲ್ಲರೆ ಕೊಟ್ಟು ಹೂವಿಗೆ ಕಳಿಸಿದ್ದರು. ನಾನು ಅಜ್ಜಿಯ ಮುಂದೆ ನಿಂತಿದ್ದಾಗಲೇ ಅಣ್ಣ ಬಂದ. ಏನೂ ಕೇಳಲಿಲ್ಲ. ಅಜ್ಜಿಯೇ ನಗುತ್ತಾ ಮಲ್ಲಿಗೆ ಅಳೆದರು, ಧಾರಾಳವಾಗಿ ಎರಡು ಮೊಳ. ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟರು. ಅವನು ಬುಲೆಟ್ ಹತ್ತಿ ಹೋದ. ದುಡ್ಡಿನ ಮಾತು ಬರಲೇ ಇಲ್ಲ. ಆಮೇಲೆ ನನ್ನ ಸರದಿ. ಅಜ್ಜಿ ದಂಡೆಯನ್ನು ಬೆರಳ ತುದಿಯಿಂದ ಎಳೆದರು. ಮೊಳಕೈ ತನಕ ಬರಲಿಲ್ಲ, ನಾಲ್ಕು ಬೆರಳು ಹಿಂದೆಯೇ ಕತ್ತರಿ ಬಿತ್ತು. ನಾನು ನೋಡುತ್ತಾ ನಿಂತೆ. "ಏನ್ ನೋಡ್ತೀಯ ಮಗಾ? ಅವನದ್ದನ್ನ ಯಾರಪ್ಪ ಕೊಡ್ತಾನೆ?" ಅಂದರು. ಸಿಟ್ಟಿರಲಿಲ್ಲ ದನಿಯಲ್ಲಿ. ವ್ಯಾಪಾರದ ಲೆಕ್ಕ ಹೇಳಿದ ಹಾಗೆ ಹೇಳಿದರು. ಮನೆಗೆ ಬಂದರೆ ಅಮ್ಮ ಹೂವು ಹಿಡಿದು ನೋಡಿ, ಅಳತೆ ನೋಡಿ ತರೋಕೆ ಬರಲ್ವಾ ಅಂತ ನನಗೇ ಬೈದರು.

ಆ ನೀತಿಯ ಖರ್ಚು ಬೀದಿಯವರ ಮೇಲೆ ಹೀಗೆ ನಾಲ್ಕು ಬೆರಳು, ನಾಲ್ಕು ಬೆರಳು ಬೀಳುತ್ತಿತ್ತು. ಹೆಂಗಸರ ತಂಟೆಗೆ ಬರುತ್ತಿರಲಿಲ್ಲ ಅನ್ನೋದಕ್ಕೂ ಒಂದು ಮಾತು ಸೇರಿಸಬೇಕು. ನನ್ನ ಅಕ್ಕ ಆಗ ಪಿಯುಸಿ. ಸಾಯಂಕಾಲ ಏಳು ದಾಟಿದರೆ ಬೀದಿ ನಲ್ಲಿಗೂ ಅವಳನ್ನು ಕಳಿಸುತ್ತಿರಲಿಲ್ಲ, ಬಿಂದಿಗೆ ನಾನೇ ಹೊರಬೇಕಿತ್ತು. ಸಾರಾಯಿ ಅಂಗಡಿ ತಪ್ಪಿಸೋಕೆ ಅವಳು ಕಾಲೇಜಿಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಹೆಂಗಸರು ಹೊರಗೇ ಬರದಿದ್ದರೆ ತಂಟೆ ಎಲ್ಲಿಂದ ಆಗಬೇಕು? ಇವತ್ತು ನನ್ನ ಮಗಳು ಆಫೀಸು ಮುಗಿಸಿ ರಾತ್ರಿ ಹನ್ನೊಂದಕ್ಕೆ ಕ್ಯಾಬಿನಲ್ಲಿ ಬರುತ್ತಾಳೆ. ನನಗೆ ಭಯ ಇಲ್ಲ ಅಂತಲ್ಲ. ಆದರೆ ಹಳೆಯ ಕಾಲ ಚೆನ್ನಾಗಿತ್ತು ಅಂತ ನಮ್ಮ ಅಕ್ಕನ ಮುಂದೆ ಹೇಳಿ ನೋಡಿ.

ಮೂರು ಶಿಫ್ಟಿನ ಬೀದಿ

ಹಾಗಾದರೆ ಇದ್ದದ್ದು ಏನು? ನನಗೆ ಅನ್ನಿಸೋದು ಇಷ್ಟು: ಬೀದಿಯಲ್ಲಿ ಯಾವ ಹೊತ್ತಿಗೂ ದೊಡ್ಡವರು ಇರುತ್ತಿದ್ದರು. ಅವರು ಒಳ್ಳೆಯವರು ಅಂತಲ್ಲ, ಮಿಲ್ಲಿನಲ್ಲಿ ಮೂರು ಶಿಫ್ಟು ಇತ್ತು, ಅದಕ್ಕೆ. ಬೆಳಗಿನ ಶಿಫ್ಟಿನವರು ಮಧ್ಯಾಹ್ನ ಮೂರರ ಹೊತ್ತಿಗೆ ಬಂದು ಬನಿಯನ್ನಿನಲ್ಲಿ ಜಗಲಿ ಮೇಲೆ ಕೂರುತ್ತಿದ್ದರು. ರಾತ್ರಿ ಶಿಫ್ಟಿನವರು ಹಗಲು ಮಲಗಿ ಎದ್ದು ಬೀಡಿ ಹಚ್ಚುತ್ತಿದ್ದರು. ಹೆಂಗಸರು ಬಾಗಿಲಲ್ಲೇ ಮಣೆ ಹಾಕಿಕೊಂಡು ಊದುಬತ್ತಿ ಹೊಸೆಯುತ್ತಿದ್ದರು. ಹುಡುಗ ಶಾಲೆ ತಪ್ಪಿಸಿ ಗಲ್ಲಿಗೆ ಬಂದರೆ ಇಪ್ಪತ್ತು ಕಣ್ಣಿಗೆ ಬೀಳದೆ ಮೋರಿ ತನಕ ಹೋಗೋಕೆ ಆಗುತ್ತಿರಲಿಲ್ಲ. ಯಾರೂ ಕಾವಲಿಗೆ ಅಂತ ಕೂತವರಲ್ಲ. ಬೆಳಕು ಗಾಳಿಗೆ ಹೊರಗೆ ಕೂತವರು.

ನನಗಿಂತ ಸ್ವಲ್ಪ ದೊಡ್ಡವನೊಬ್ಬ ಹುಡುಗ ಯಾರದ್ದೋ ಸೈಕಲ್ಲಿನ ಡೈನಮೊ ಬಿಚ್ಚಿಕೊಂಡು ಹೊರಟಿದ್ದ. ನಮ್ಮಪ್ಪ ಆಗಷ್ಟೇ ಶಿಫ್ಟು ಮುಗಿಸಿ ಬರುತ್ತಿದ್ದರು, ತಲೆಗೂದಲಲ್ಲಿ ಇನ್ನೂ ಹತ್ತಿಯ ಎಳೆ. ಅವನ ಅಂಗಿಯೊಳಗೆ ಉಬ್ಬಿದ್ದನ್ನು ನೋಡಿ ಕಾಲರ್ ಹಿಡಿದರು. "ಯಾರ ಮಗನೋ ನೀನು?" ಅಪ್ಪನಿಗೆ ಗೊತ್ತಿತ್ತು ಯಾರ ಮಗ ಅಂತ, ಅವನ ಅಪ್ಪನೂ ಇವರೂ ಒಂದೇ ಖಾತೆಯಲ್ಲಿ ಕೆಲಸ ಮಾಡುತ್ತಿದ್ದವರು. ಗೊತ್ತಿದೆ ಅಂತ ಹೇಳೋಕೇ ಆ ಪ್ರಶ್ನೆ. ಕಪಾಳಕ್ಕೆ ಎರಡು ಬಿತ್ತು. ಆಮೇಲೆ ಅವನ ಕೈಯಲ್ಲೇ ಡೈನಮೊ ವಾಪಸ್ ಹಾಕಿಸಿದರು. ನಟ್ಟು ಸರಿಯಾಗಿ ಕೂತಿಲ್ಲ ಅಂತ ಇನ್ನೊಂದು ಬಿತ್ತು. ಅಷ್ಟು ಹೊತ್ತಿಗೆ ಅವನ ಅಮ್ಮ ಬಂದು ತಾನೂ ನಾಲ್ಕು ಬಿಟ್ಟು ಕರೆದುಕೊಂಡು ಹೋದಳು. ಪೊಲೀಸು, ಕಂಪ್ಲೇಂಟು ಯಾರ ತಲೆಗೂ ಬರಲಿಲ್ಲ. ಅವತ್ತಿನಿಂದ ಅವನ ಹೆಸರು ಡೈನಮೊ ಅಂತಲೇ ಆಯಿತು.

ಕಥೆ ಇಲ್ಲಿಗೆ ನಿಂತರೆ ವಾಟ್ಸಾಪ್ ಗ್ರೂಪಿಗೆ ಸರಿಯಾಗಿರುತ್ತದೆ. ಹೊಡೆದು ಬುದ್ಧಿ ಹೇಳುತ್ತಿದ್ದರು, ಹುಡುಗರು ಸರಿಹೋಗುತ್ತಿದ್ದರು ಅಂತ. ಡೈನಮೊ ಸರಿಹೋಗಲಿಲ್ಲ. ಹೈಸ್ಕೂಲು ಬಿಟ್ಟ. ಅಣ್ಣನ ಹಿಂದೆ ಓಡಾಡತೊಡಗಿದ. 1988ರಲ್ಲಿ ಸಾರಾಯಿ ಅಂಗಡಿ ಮುಂದಿನ ಜಗಳದಲ್ಲಿ ಒಬ್ಬನ ತಲೆಗೆ ಸೈಕಲ್ ಚೈನಿನಲ್ಲಿ ಹೊಡೆದ. ಆಗಿನ ಆಯುಧ ಅಂದರೆ ಸೈಕಲ್ ಚೈನು, ಸೋಡಾ ಬಾಟಲಿ. ಲಾಂಗು ಎಲ್ಲರ ಕೈಗೂ ಸಿಗುತ್ತಿರಲಿಲ್ಲ. ಅವನಿಗೆ ಆಗ ಹದಿನೇಳು. ಆಗಿದ್ದ 1986ರ ಬಾಲನ್ಯಾಯ ಕಾಯ್ದೆ ಪ್ರಕಾರ ಗಂಡು ಹುಡುಗ ಹದಿನಾರು ದಾಟಿದರೆ ದೊಡ್ಡವನು. ಸೀದಾ ಸೆಂಟ್ರಲ್ ಜೈಲಿಗೆ ಹೋದ. ಎರಡು ಸಾವಿರನೇ ಇಸವಿಯ ಕಾಯ್ದೆ ಬಂದ ಮೇಲಾಗಿದ್ದರೆ ಹದಿನೆಂಟರ ತನಕ ಹುಡುಗನೇ, ಬಾಲಮಂದಿರಕ್ಕೆ ಹೋಗುತ್ತಿದ್ದ. ಆ ಜೈಲು ಈಗಿಲ್ಲ. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಆ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಟಿವಿಯಲ್ಲಿ ಅಲ್ಲಿನ ಧರಣಿ ತೋರಿಸಿದಾಗಲೆಲ್ಲ ಡೈನಮೊ "ಇವರಿಗಿಂತ ಮುಂಚೆ ನಾನು ಅಲ್ಲಿ ಕೂತಿದ್ದೆ" ಅಂತಾನೆ.

ಹೊರಗೆ ಬಂದಾಗ ಠಾಣೆಯಲ್ಲಿ ರೌಡಿ ಶೀಟು ರೆಡಿ ಇತ್ತು. ಹೆಸರು, ತಂದೆ ಹೆಸರು, ಅಲಿಯಾಸ್ ಡೈನಮೊ. ಬೀದಿ ತಮಾಷೆಗೆ ಇಟ್ಟ ಹೆಸರು ಪೊಲೀಸ್ ರಿಜಿಸ್ಟರಿನಲ್ಲಿ ಖಾಯಂ ಆಯಿತು. ಯಾರ ಮಗ ಅಂತ ಎಲ್ಲರಿಗೂ ಗೊತ್ತಿರೋದರ ಇನ್ನೊಂದು ಮುಖ ಇದು. ಅವನಿಗೆ ನಮ್ಮ ಕಡೆ ಯಾರೂ ಕೆಲಸ ಕೊಡಲಿಲ್ಲ, ಹೆಣ್ಣೂ ಕೊಡಲಿಲ್ಲ. ಬೀದಿ ಒಂದು ಸಲ ಗುರುತು ಹಾಕಿಕೊಂಡರೆ ಆಮೇಲೆ ಅಳಿಸುವುದಿಲ್ಲ. ಈಗ ಅವನು ಎಳನೀರು ಮಾರುತ್ತಾನೆ. ಚುನಾವಣೆ ಬಂತೆಂದರೆ, ಗಣೇಶನ ಹಬ್ಬ ಬಂತೆಂದರೆ ಪರೇಡಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಮೊನ್ನೆ ಒಬ್ಬ ಹೊಸ ಎಸ್‌ಐ ಏನ್ ಕೆಲಸ ಮಾಡ್ತೀಯ ಅಂತ ಕೇಳಿದರಂತೆ. "ಮಚ್ಚು ಹಿಡಿಯೋದೇ ಸಾರ್" ಅಂದನಂತೆ. ಸದ್ಯ, ಪಕ್ಕದ ಹೆಡ್ ಕಾನ್‌ಸ್ಟೆಬಲ್ ನಕ್ಕು ಬಿಡಿಸಿ ಹೇಳಿದರಂತೆ.

ಬೀದಿಯ ಗುರುತೇ ಇಲ್ಲದ ಹುಡುಗರೂ ಆಗಲೂ ಇದ್ದರು, ಅದನ್ನು ಮರೆಯಬಾರದು. ಊರು ಬಿಟ್ಟು ಓಡಿಬಂದು ರೈಲಿನಿಂದ ಸಿಟಿ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದರು. ಮೆಜೆಸ್ಟಿಕ್ಕಿನಲ್ಲಿ ಚಿಂದಿ ಆಯ್ದು, ಪಂಕ್ಚರ್ ಹಾಕುವ ಸೊಲ್ಯೂಷನ್ನನ್ನು ಬಟ್ಟೆಗೆ ಹಚ್ಚಿ ಮೂಸುತ್ತಾ, ಅಲ್ಲೇ ಮಲಗುತ್ತಿದ್ದರು. ಅವರನ್ನು ಯಾರ ಮಗನೋ ಅಂತ ಕೇಳುವವರು ಇರಲಿಲ್ಲ. ಡೈನಮೊ ಕದ್ದರೆ ಅವರಿಗೆ ಎರಡು ಏಟಿಗೆ ಮುಗಿಯುತ್ತಿರಲಿಲ್ಲ, ಲಾಕಪ್ಪೇ. ಇಂಥ ಮಕ್ಕಳಿಗಾಗಿ 1980ರಲ್ಲಿ ಬೆಂಗಳೂರು ಓಣಿಯವರ ಸೇವಾ ಕೂಟ ಶುರುವಾಯಿತು, ಜನ ಬಾಸ್ಕೊ ಅಂತಾರೆ. ನಮ್ಮ ಗಲ್ಲಿಯಿಂದ ನಡೆದೇ ಹೋಗುವಷ್ಟು ದೂರ ಮೆಜೆಸ್ಟಿಕ್ಕು. ನಮ್ಮ ಗಲ್ಲಿಯ ಪ್ರೀತಿ ಅಷ್ಟು ದೂರವೂ ಹೋಗಲಿಲ್ಲ.

ಸೈರನ್ ನಿಂತ ಮೇಲೆ

ಮಿಲ್ಲುಗಳು ಒಂದೇ ದಿನ ಬಾಗಿಲು ಹಾಕಲಿಲ್ಲ. ಮೊದಲು ಒಂದು ಶಿಫ್ಟು ಹೋಯಿತು, ಆಮೇಲೆ ಲೇಆಫ್, ಆಮೇಲೆ ವಿಆರ್‌ಎಸ್. 1884ರಲ್ಲಿ ಶುರುವಾದ ಬಿನ್ನಿಯ ಜಾಗದಲ್ಲಿ ಈಗ ಎತ್ತರದ ಅಪಾರ್ಟ್‌ಮೆಂಟುಗಳಿವೆ. ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಂತ್ರಿ ಮಾಲ್ ಬಂತು. ಮಿನರ್ವ ಮಿಲ್ಲಿನ ಕಾಂಪೌಂಡಿನಲ್ಲಿ ಸಿನಿಮಾದವರು ಸೆಟ್ ಹಾಕುತ್ತಾರೆ. ಅಪ್ಪ ನೂಲು ತೆಗೆದ ಕಡೆ ಹೀರೋಗಳು ಲಾಂಗು ಹಿಡಿದು ಫೈಟ್ ಮಾಡುತ್ತಾರೆ. ಅಪ್ಪ ಬದುಕಿದ್ದಾಗ ಟಿವಿಯಲ್ಲಿ ಅಂಥ ಒಂದು ಫೈಟ್ ಬಂದಿತ್ತು. ಅವರು ಹೀರೋನ ನೋಡಲಿಲ್ಲ, ಹಿಂದೆ ಕಂಡ ಹತ್ತಿ ಬಿಡಿಸೋ ಕೋಣೆಯ ಗೋಡೆ ನೋಡಿ "ಅದು ಬ್ಲೋ ರೂಮ್" ಅಂದರು.

ಕೆಲಸ ಹೋದ ಅಪ್ಪಂದಿರು ಆಟೊ ಹಿಡಿದರು, ಇಲ್ಲ ಸೆಕ್ಯೂರಿಟಿ ಗಾರ್ಡ್ ಆದರು. ಸೆಕ್ಯೂರಿಟಿಗೆ ಹನ್ನೆರಡು ಗಂಟೆ ಡ್ಯೂಟಿ, ಮೇಲೆ ಬಸ್ಸಿನಲ್ಲಿ ಹೋಗಿ ಬರುವ ಹೊತ್ತು. ಅಮ್ಮಂದಿರು ಊದುಬತ್ತಿ ಮಣೆ ಮೇಲಿಟ್ಟು ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೊರಟರು. ಸಂಬಳ ಬಂತು, ಅವರ ಕೈಗೆ ಬಂತು, ಅದು ಸಣ್ಣ ವಿಷಯ ಅಲ್ಲ. ಆದರೆ ಮಧ್ಯಾಹ್ನ ನಾಲ್ಕು ಗಂಟೆಗೆ ಶಾಲೆ ಬಿಟ್ಟು ಬರುವ ಹುಡುಗನಿಗೆ ಗಲ್ಲಿಯಲ್ಲಿ ಕಾಣುವವರು ಇನ್ನೊಂದಿಷ್ಟು ಹುಡುಗರು, ಒಬ್ಬಿಬ್ಬರು ಕಿವಿ ಕೇಳದ ಅಜ್ಜಂದಿರು. ಹುಡುಗರು ಕೆಟ್ಟರು ಅನ್ನುವವರು ಯಾರೂ ಈ ನಾಲ್ಕು ಗಂಟೆಯ ಬಗ್ಗೆ ಮಾತಾಡಲ್ಲ. ಸಂಸ್ಕಾರ ಅಂತಾರೆ, ಸಿನಿಮಾ ಅಂತಾರೆ, ಮೊಬೈಲ್ ಅಂತಾರೆ. ಮೊಬೈಲ್ ಬರೋಕೆ ಹತ್ತು ವರ್ಷ ಮುಂಚೆಯೇ ನಮ್ಮ ಗಲ್ಲಿಯ ಜಗಲಿಗಳು ಖಾಲಿಯಾಗಿದ್ದವು.

ತೊಂಬತ್ತರ ದಶಕದಲ್ಲಿ ದುಡ್ಡಿನ ದಾರಿಯೂ ಬದಲಾಯಿತು. ಅಣ್ಣಂದಿರಿಗೆ ಸಾರಾಯಿಗಿಂತ ಸೈಟಿನಲ್ಲಿ ಲಾಭ ಕಂಡಿತು. ತಕರಾರಿನ ಜಾಗ ಬಿಡಿಸೋದು, ಕಾಂಪೌಂಡ್ ಹಾಕಿಸೋದು, ಬಾಡಿಗೆದಾರರನ್ನು ಓಡಿಸೋದು. ಕೆಲಸ ಇದ್ದದ್ದು ಊರ ಹೊರಗೆ, ಯಲಹಂಕದ ಕಡೆ, ಸರ್ಜಾಪುರದ ಕಡೆ. ಹುಡುಗರನ್ನು ಮಾತ್ರ ನಮ್ಮಂಥ ಗಲ್ಲಿಗಳಿಂದ ಸುಮೋದಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ನಮ್ಮ ಅಣ್ಣ ಬಿಳಿ ಬಟ್ಟೆ ಹಾಕಿ ಬೇರೆ ಬಡಾವಣೆಗೆ ಹೋಗಿ ಮನೆ ಕಟ್ಟಿದ. ಹೂವಿನ ಅಜ್ಜಿಯ ಕಾಲು ಮುಟ್ಟೋಕೆ ಆಮೇಲೆ ಬಂದಿದ್ದು ನಾನಂತೂ ನೋಡಲಿಲ್ಲ.

ಈ ನಡುವೆ ಇನ್ನೊಂದು ನಡೆಯಿತು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಲ್ಲರೆ ಕಳ್ಳತನ, ಚಿಲ್ಲರೆ ದಂಧೆ ಒಂದೊಂದೇ ಮಾಯವಾದವು. ಕೆಂಪೇಗೌಡ ರಸ್ತೆಯ ಥಿಯೇಟರುಗಳ ಮುಂದೆ "ಬಾಲ್ಕನಿ ಹತ್ತು, ಬಾಲ್ಕನಿ ಹತ್ತು" ಅಂತ ಪಿಸುಗುಟ್ಟುತ್ತಾ ಬ್ಲಾಕ್ ಟಿಕೆಟ್ ಮಾರುತ್ತಿದ್ದ ಹುಡುಗರು ನೆನಪಿದ್ದಾರಾ? ಕಪಾಲಿ ಹೋಯಿತು, ಸಾಗರ್ ಹೋಯಿತು, ಇರುವ ಥಿಯೇಟರಿಗೆ ಟಿಕೆಟ್ಟು ಫೋನಿನಲ್ಲಿ. ಬಿಟಿಎಸ್ ಬಸ್ಸಿನಲ್ಲಿ ಬ್ಲೇಡು ಹಾಕುತ್ತಿದ್ದವರು ಇದ್ದರು. ಕೈಚಳಕ ಕಲಿಯೋಕೇ ವರ್ಷಗಟ್ಟಲೆ ಬೇಕು ಅನ್ನುತ್ತಿದ್ದರು. ಈಗ ಜೇಬಿನಲ್ಲಿ ಏನಿದೆ? ಒಂದು ಆಧಾರ್ ಕಾರ್ಡಿನ ಜೆರಾಕ್ಸು, ಹಳೆಯ ಹತ್ತರ ನೋಟು. ಮಟ್ಕಾ ಚೀಟಿ ಬರೆಯುತ್ತಿದ್ದವರು, ಸಿಂಗಲ್ ನಂಬರ್ ಲಾಟರಿ ಅಂಗಡಿಯಲ್ಲಿ ರಿಸಲ್ಟ್ ಕೂಗುತ್ತಿದ್ದವರು, ಪ್ಯಾಕೆಟ್ ಸಾರಾಯಿ ಸಾಗಿಸುತ್ತಿದ್ದವರು. 2007ರಲ್ಲಿ ಸರ್ಕಾರ ಲಾಟರಿಯನ್ನೂ ಸಾರಾಯಿಯನ್ನೂ ನಿಲ್ಲಿಸಿತು. ನಿಲ್ಲಿಸಿದ್ದು ಒಳ್ಳೆಯದೇ ಆಯಿತು, ನಮ್ಮ ಸಾಲಿನಲ್ಲೇ ಎರಡು ಸಂಸಾರ ಉಳಿದವು.

ಆದರೆ ಈ ಚಿಲ್ಲರೆ ದಂಧೆಗಳಿಗೆ ಒಂದು ಗುಣ ಇತ್ತು. ಅಲ್ಲಿಂದ ವಾಪಸ್ ಬರಬಹುದಿತ್ತು. ಬ್ಲಾಕ್ ಟಿಕೆಟ್ ಮಾರಿದ ಹುಡುಗ ಸಿಕ್ಕಿಬಿದ್ದರೆ ಉಪ್ಪಾರಪೇಟೆ ಠಾಣೆಯಲ್ಲಿ ಒಂದು ರಾತ್ರಿ, ಒಂದು ಫೈನು. ನನ್ನ ಜೊತೆ ಓದಿದವರಲ್ಲೇ ಹಾಗೆ ಮಾಡಿ ಆಮೇಲೆ ಬಿಎಂಟಿಸಿ ಕಂಡಕ್ಟರ್ ಆದವರಿದ್ದಾರೆ, ಬ್ಯಾಂಕಿನಲ್ಲಿ ಅಟೆಂಡರ್ ಆದವರಿದ್ದಾರೆ. ಈಗ ಹದಿನೇಳರ ಹುಡುಗನಿಗೆ ಸಿಗುವ ಮೊದಲ ಕೆಲಸವೇ ದೊಡ್ಡದು. ಎಂಡಿಎಂಎ ಅನ್ನೋ ಡ್ರಗ್ಸ್ ಪ್ಯಾಕೆಟ್ಟನ್ನು ಗಿಡದ ಬುಡದಲ್ಲೋ ಮೀಟರ್ ಬಾಕ್ಸಿನ ಹಿಂದೆಯೋ ಇಟ್ಟು ಲೊಕೇಶನ್ ಕಳಿಸು ಅಂತಾರೆ. ಕೊಟ್ಟವನ ಮುಖ ನೋಡಿಲ್ಲ, ತಗೊಳ್ಳುವವನ ಮುಖ ನೋಡಿಲ್ಲ. ಸಿಕ್ಕಿಬಿದ್ದರೆ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ಕಾಯ್ದೆ, ಬೇಲ್ ಸಿಗೋದೇ ಕಷ್ಟ. ಮೊದಲನೇ ಮೆಟ್ಟಿಲೇ ಇಲ್ಲದ ಏಣಿ ಇದು, ಕಾಲಿಟ್ಟರೆ ನೇರ ಮೇಲಿನದಕ್ಕೇ ಇಡಬೇಕು.

ಹೆಸರು ಗೊತ್ತಿಲ್ಲದ ವಿಡಿಯೊ

ರೀಲ್ಸ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಜಾಸ್ತಿ ಬರೆಯಲ್ಲ. ಮಚ್ಚಿನಲ್ಲಿ ಬರ್ತ್‌ಡೇ ಕೇಕ್ ಕತ್ತರಿಸೋದು, ಫ್ಲೈಓವರ್ ಮೇಲೆ ವೀಲಿಂಗ್. 2024ರ ಆಗಸ್ಟಿನಲ್ಲಿ ತುಮಕೂರು ರಸ್ತೆಯಲ್ಲಿ ವೀಲಿಂಗ್ ಮಾಡುತ್ತಿದ್ದವರ ಸ್ಕೂಟರುಗಳನ್ನು ಜನ ಹಿಡಿದು ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದರು, ಅದೂ ವಿಡಿಯೊ ಆಯಿತು. ಮರುವರ್ಷ ಮಾರ್ಚಿನಲ್ಲಿ ಬಿಗ್ ಬಾಸಿಗೆ ಹೋಗಿ ಬಂದ ಇಬ್ಬರು ಮಚ್ಚು ಹಿಡಿದು ರೀಲ್ಸ್ ಮಾಡಿ ಅರೆಸ್ಟ್ ಆದರು. ಅವರಿಗೇ ಅದು ಬೇಕಿತ್ತು ಅಂದರೆ, ಕೆ.ಪಿ. ಅಗ್ರಹಾರದ ಹದಿನಾರರ ಹುಡುಗನಿಗೆ ಏನು ಹೇಳೋದು?

ನನಗೆ ವಿಚಿತ್ರ ಅನ್ನಿಸೋದು ಬೇರೆ. ಆಗಿನ ಕಾಲದಲ್ಲಿ ಬೀದಿಯಲ್ಲಿ ಹೊಡೆದಾಟ ಆದರೆ ಹೊಡೆದವನ ಹೆಸರು ಎಲ್ಲರಿಗೂ ಗೊತ್ತಿರುತ್ತಿತ್ತು, ಆದರೆ ಯಾರೂ ನೋಡಿರುತ್ತಿರಲಿಲ್ಲ. ಪೊಲೀಸರು ಕೇಳಿದರೆ, ನಾನು ಊರಲ್ಲೇ ಇರಲಿಲ್ಲ ಸ್ವಾಮಿ. ಈಗ ಎಲ್ಲರೂ ನೋಡಿರುತ್ತಾರೆ. ಸೇಫ್ ಸಿಟಿ ಯೋಜನೆಯ ಕ್ಯಾಮೆರಾಗಳೇ ಏಳು ಸಾವಿರಕ್ಕೂ ಹೆಚ್ಚು, ಅಂಗಡಿಯವರದ್ದು, ಮನೆಯವರದ್ದು ಬೇರೆ. ವಿಡಿಯೊ ಇದೆ, ಬೈಕ್ ನಂಬರ್ ಇದೆ, ಮುಖ ಇದೆ. ಯಾರ ಮಗ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ನಾವು ಮನೆ ಮಾರಿದ ಮೇಲೆ ಆ ಸಾಲಿನಲ್ಲಿ ಮೂರು ಮಹಡಿ, ನಾಲ್ಕು ಮಹಡಿ ಎದ್ದಿವೆ. ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಬಂದು ಹೋಗುವವರು. ಅವರನ್ನು ದೂರಿ ಏನು ಪ್ರಯೋಜನ? ಪಕ್ಕದ ಮನೆಯವರ ಹೆಸರು ಕಲಿಯುವಷ್ಟರಲ್ಲಿ ಓನರ್ ಬಾಡಿಗೆ ಏರಿಸಿರುತ್ತಾನೆ.

ಡೈನಮೊಗೂ ಇದು ಗೊತ್ತು. ಒಂದು ಸಾಯಂಕಾಲ ಎಳನೀರು ಕೆತ್ತುತ್ತಾ ಹೇಳಿದ: "ನೋಡಣ್ಣ, ಆಗ ನಾನು ಹೊಡೆದವನು ನನಗೆ ಗೊತ್ತಿದ್ದ. ಅವನ ತಂಗಿ ಮದುವೆಗೆ ನಾನೇ ಚಪ್ಪರ ಹಾಕಿದ್ದೆ. ಹೊಡೆದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಈ ಹುಡುಗರಿಗೆ ಮೊಬೈಲ್ ಕಿತ್ಕೊಂಡವನ ಮುಖನೂ ನೆನಪಿರಲ್ಲ." ನನಗಿಂತ ದೊಡ್ಡವನಾದರೂ ಅವನು ನನ್ನನ್ನು ಅಣ್ಣ ಅಂತಲೇ ಕರೆಯೋದು. ಅವನು ಹೇಳಿದ್ದರಲ್ಲಿ ಸತ್ಯ ಇದೆ. ಆದರೆ ನಿದ್ದೆ ಬರದಿದ್ದರೂ ಅವನು ಹೊಡೆದಿದ್ದನಲ್ಲ, ಆ ಹನ್ನೆರಡು ಹೊಲಿಗೆ ಬಿದ್ದವನಿಗೆ ಏನು ಸಮಾಧಾನ?

ಹುಡುಗರನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುವ ದೊಡ್ಡವರು ಮಾತ್ರ ಆಗಲೂ ಇದ್ದರು, ಈಗಲೂ ಇದ್ದಾರೆ. ಮೈನರ್ ಆದರೆ ಬೇಗ ಹೊರಗೆ ಬರ್ತಾನೆ ಅನ್ನೋ ಲೆಕ್ಕ. 2015ರ ಕಾಯ್ದೆ ಇದಕ್ಕೆ ಎರಡು ಕಡೆಯಿಂದ ಬಾಗಿಲು ಹಾಕಿತು. ಘೋರ ಅಪರಾಧ ಆಗಿದ್ದರೆ ಹದಿನಾರು ದಾಟಿದವನನ್ನು ದೊಡ್ಡವರಂತೆಯೇ ವಿಚಾರಣೆ ಮಾಡಬಹುದು, ಬಾಲನ್ಯಾಯ ಮಂಡಳಿ ಪರಿಶೀಲಿಸಿದ ಮೇಲೆ. ಮಕ್ಕಳನ್ನು ಅಪರಾಧಕ್ಕೆ ಬಳಸಿಕೊಂಡ ದೊಡ್ಡವರಿಗೆ ಏಳು ವರ್ಷದ ತನಕ ಜೈಲು. ಮೊದಲನೆಯದರ ಸುದ್ದಿ ಪೇಪರಿನಲ್ಲಿ ಆಗಾಗ ಓದುತ್ತೇನೆ. ಎರಡನೆಯದರದ್ದು ಓದಿದ ನೆನಪು ನನಗಿಲ್ಲ.

ಅಕೌಂಟ್ ಬಾಡಿಗೆಗೆ

ಇನ್ನು, ಇದು ನನ್ನ ತಲೆ ತಿನ್ನೋಕೆ ಕಾರಣ. ನನ್ನ ಜೊತೆ ಓದಿದ ಒಬ್ಬ ಸ್ನೇಹಿತ ಈಗಲೂ ಅಲ್ಲೇ ಇದ್ದಾನೆ, ಆಟೊ ಓಡಿಸುತ್ತಾನೆ. ಅವನ ಮಗನಿಗೆ ಹತ್ತೊಂಬತ್ತು. ಡಿಗ್ರಿ ಅರ್ಧಕ್ಕೆ ಬಿಟ್ಟು ಫುಡ್ ಡೆಲಿವರಿ ಮಾಡುತ್ತಿದ್ದ. ಯಾರೋ ಟೆಲಿಗ್ರಾಮಿನಲ್ಲಿ ಸಿಕ್ಕವನು ಅಕೌಂಟ್ ಬೇಕು ಅಂದ. ಹುಡುಗ ಒಂದು ಹೊಸ ಅಕೌಂಟ್ ತೆಗೆದು ಎಟಿಎಂ ಕಾರ್ಡು, ಸಿಮ್ಮು ಎರಡನ್ನೂ ಕೊರಿಯರ್ ಮಾಡಿದ. ಐದು ಸಾವಿರ ಬಂತು. ಆ ಅಕೌಂಟಿಗೆ ಯಾರದ್ದೋ ರಿಟೈರ್‌ಮೆಂಟ್ ದುಡ್ಡು ಬಂದು ಅರ್ಧ ಗಂಟೆಯಲ್ಲಿ ಖಾಲಿಯಾಯಿತು. ಕಳಕೊಂಡವರೂ ಬೆಂಗಳೂರಿನವರೇ. 2023ರಲ್ಲಿ ನಮ್ಮ ಊರಿನಲ್ಲಿ ದಾಖಲಾದ ಸೈಬರ್ ಕೇಸುಗಳೇ 17 ಸಾವಿರಕ್ಕೂ ಜಾಸ್ತಿ. ಇಂಥ ಪ್ರತಿ ಮೋಸಕ್ಕೂ ದುಡ್ಡು ಹಾಯೋಕೆ ಒಂದು ಅಕೌಂಟ್ ಬೇಕಲ್ಲ. ಅದು ಎಲ್ಲಿಂದ ಬರುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಗಲ್ಲಿಯಿಂದಲೂ ಬರುತ್ತದೆ.

ಬೀದಿಗೆ ಇದು ಗೊತ್ತೇ ಆಗಲಿಲ್ಲ. ಗೊತ್ತಾಗೋದು ಹೇಗೆ? ಅವನು ಅಪರಾಧ ಮಾಡಿದ್ದು ಹಾಸಿಗೆ ಮೇಲೆ ಮಲಗಿಕೊಂಡು. ಪಕ್ಕದಲ್ಲಿ ಅವನ ಅಮ್ಮ ಸೀರಿಯಲ್ ನೋಡುತ್ತಿದ್ದಳು. "ಕಳ್ತನ ಮಾಡಿಲ್ಲ ಕಣೋ ನನ್ನ ಮಗ, ಯಾರ ಮನೆಗೂ ನುಗ್ಗಿಲ್ಲ" ಅಂತ ಸ್ನೇಹಿತ ಫೋನಿನಲ್ಲಿ ಅತ್ತ. ಹುಡುಗನಿಗೂ ಹಾಗೇ ಅನ್ನಿಸಿರಬೇಕು. ಡೈನಮೊಗೆ ತಾನು ಬಿಚ್ಚಿಕೊಂಡದ್ದು ಯಾರ ಸೈಕಲ್ಲಿನದ್ದು ಅಂತ ಗೊತ್ತಿತ್ತು. ಇವನಿಗೆ ಒಬ್ಬ ಮುದುಕರ ದುಡ್ಡು ಅನ್ನೋದು ಎಫ್‌ಐಆರ್ ಓದಿದ ಮೇಲೆ ತಿಳಿದಿದ್ದು.

ಬೇಲ್ ಸಿಕ್ಕಿತು, ಶ್ಯೂರಿಟಿ ಬೇಕು ಅಂದರು. ಇಲ್ಲಿ ಕಷ್ಟ ಆಯಿತು. ಮಿಲ್ಲು ಇದ್ದಾಗ ಹೀಗೇನಾದರೂ ಆದರೆ ಸಂಬಳದ ಚೀಟಿ ಹಿಡಿದು ಶ್ಯೂರಿಟಿಗೆ ಬರುವವರು ಸಾಲಿನಲ್ಲೇ ಸಿಗುತ್ತಿದ್ದರು, ಅಪ್ಪ ಒಂದೆರಡು ಸಲ ಹೋಗಿದ್ದು ನೆನಪಿದೆ. ಈಗ ಸಾಲಿನಲ್ಲಿ ಇರುವವರೆಲ್ಲ ಬಾಡಿಗೆಯವರು. ಓನರ್ ಫೋನೇ ಎತ್ತಲಿಲ್ಲ. ಕೋರ್ಟಿನ ಹತ್ತಿರ ದುಡ್ಡು ತಗೊಂಡು ಯಾರದ್ದೋ ಪಹಣಿ ತೋರಿಸಿ ಸಹಿ ಹಾಕುವವರು ಸಿಗುತ್ತಾರೆ ಅಂತ ಯಾರೋ ಹೇಳಿದರಂತೆ, ಸ್ನೇಹಿತ ಹೆದರಿ ನನಗೆ ಫೋನ್ ಮಾಡಿದ. ನಾನು ಮನೆಯ ಖಾತಾ, ತೆರಿಗೆ ರಸೀದಿ ತಗೊಂಡು ನೃಪತುಂಗ ರಸ್ತೆಯ ಕೋರ್ಟಿಗೆ ಹೋದೆ. ಹೆಂಡತಿಗೆ ಪೂರ್ತಿ ಹೇಳಿರಲಿಲ್ಲ.

ಮ್ಯಾಜಿಸ್ಟ್ರೇಟ್ ಕಾಗದ ತಿರುವಿ ತಲೆ ಎತ್ತಿದರು. "ಆರೋಪಿ ನಿಮಗೆ ಹೇಗೆ ಗೊತ್ತು?"

"ಇವರ ತಂದೆ ನನ್ನ ಸ್ನೇಹಿತರು ಸ್ವಾಮಿ. ಒಂದೇ ಶಾಲೆಯಲ್ಲಿ ಓದಿದ್ದು, ಒಂದೇ ಬೀದಿ."

"ತಂದೆ ವಿಷಯ ಕೇಳಲಿಲ್ಲ ನಾನು. ಈ ಹುಡುಗನನ್ನು ಎಷ್ಟು ವರ್ಷದಿಂದ ನೋಡಿದ್ದೀರಿ?"

ಹುಟ್ಟಿದಾಗಿನಿಂದ ಅಂದೆ. ನಾಮಕರಣಕ್ಕೆ ಹೋಗಿದ್ದೆ, ಅದು ನಿಜ. ಆಮೇಲೆ ಒಂದೆರಡು ಮದುವೆಗಳಲ್ಲಿ ಫೋನ್ ನೋಡುತ್ತಾ ಕೂತಿದ್ದ ತಲೆ ನೋಡಿದ್ದೆ, ಅದೂ ನಿಜ. ವಾಯಿದೆಗೆ ತಪ್ಪಿಸಿಕೊಂಡರೆ ನೀವೇ ಹೊಣೆ ಅಂತ ಇನ್ನೊಮ್ಮೆ ಹೇಳಿ ಸಹಿ ಮಾಡಿದರು. ಮಾರನೇ ದಿನ ಹುಡುಗ ಹೊರಗೆ ಬಂದ. ಅಪ್ಪನ ಜೊತೆ ನಮ್ಮ ಮನೆಗೆ ಬಂದು, ಹೇಳಿಕೊಟ್ಟಿದ್ದರೋ ಏನೋ, ಕಾಲಿಗೆ ಬಿದ್ದ. ಕಾಫಿ ಕುಡಿದು ಹೊರಡುವಾಗ, ವಾಯಿದೆ ದಿನ ಫೋನ್ ಮಾಡು, ನನ್ನ ನಂಬರ್ ಇಟ್ಟುಕೋ ಅಂದೆ. ಅವನು ಫೋನ್ ತೆಗೆದು ನಂಬರ್ ಒತ್ತಿಕೊಂಡ. ಆಮೇಲೆ ಸ್ವಲ್ಪ ಹಿಂಜರಿದು ಅಪ್ಪನ ಮುಖ ನೋಡಿ, ನನ್ನ ಕಡೆ ತಿರುಗಿ ಕೇಳಿದ.

"ಏನಂತ ಸೇವ್ ಮಾಡ್ಕೊಳ್ಲಿ ಅಂಕಲ್? ನಿಮ್ಮ ಹೆಸರು?"